ಮುಕ್ತ ತಂತ್ರಾಂಶದ ಕಾರ್ಯಕರ್ತರಲ್ಲಿ ಒಂದು ಬಿನ್ನಹ

ಕನ್ನಡದ ಅಕ್ಷರವಿನ್ಯಾಸ, ಕೀಲಿಮಣೆ, ನಿಘಂಟು, ಕಾಗುಣಿತ ಪರೀಕ್ಷಕಗಳಿಗಾಗಿ ವೇತನದ ಅಪೇಕ್ಷೆಯಿಲ್ಲದೆ, ದಿನದ ಉದ್ಯೋಗ ಮುಗಿದ ಮೇಲೆ ದೊರೆಯುವ ಅಲ್ಪ ವಿರಾಮವನ್ನೂ ತ್ಯಜಿಸಿ ದುಡಿಯುತ್ತಿರುವ ಮಿತ್ರರಲ್ಲಿ ನನ್ನದೊಂದು ಬಿನ್ನಹವಿದೆ: ನೀವು ಬರೆದ ಕೋಡನ್ನು ಯಾರ ಆಶ್ರಯದಲ್ಲಿ, ಯಾವ ತಂತ್ರಾಂಶದ ಆಧಾರದ ಮೇಲೆ ಇರಿಸಿದ್ದೀರಿ ಎಂಬುದನ್ನು ದಯಮಾಡಿ ಒಮ್ಮೆ ವಿಚಾರಮಾಡಿರಿ.

ಹಳೆಯದೊಂದು ಪದಪರೀಕ್ಷಕದ ಕೋಡನ್ನು ತಿದ್ದಲು ನಾನು ಕುಳಿತಿದ್ದಾಗ, ಪದಗಳೊಳಗಿನ ಅದೃಶ್ಯ ಚಿಹ್ನೆಗಳನ್ನೆಲ್ಲ ಅಳಿಸುವ ಭಾಗದಲ್ಲಿ ‘ರ’ಕಾರದ ಮುಂದೆ ಬರುವ ಸಂಯೋಜಕ ಚಿಹ್ನೆಯೊಂದನ್ನು ಮಾತ್ರ ಉಳಿಸಿದ್ದುದು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ‘ಕಾರಣಕ್ಕೆ 47ನೆಯ ಬಗ್ ವರದಿ ನೋಡಿ’ ಎಂಬ ಟಿಪ್ಪಣಿ. ಆ ವರದಿಯಿದ್ದ ತಾಣವೋ ಮುಚ್ಚಿಹೋಗಿತ್ತು. ಆ ಚಿಹ್ನೆಯನ್ನು ತೆಗೆದರೆ ‘ರ‍್ಯಾಂಕ್’ ಎಂಬುದು ಅರ್ಕಾವೊತ್ತು ಪಡೆದು ‘ರ್ಯಾಂಕ್’ ಆಗಿಬಿಡುತ್ತದೆಂಬುದನ್ನು, ಹಿಂದೆಯೇ ಯಾರೋ ಕಂಡು ಚರ್ಚಿಸಿ ನಿರ್ಣಯಿಸಿದ್ದ ಸಂಗತಿಯನ್ನು, ನಾನು ಎರಡು ಸಂಜೆಗಳನ್ನು ವ್ಯಯಿಸಿ ಪುನಃ ಶೋಧಿಸಬೇಕಾಯಿತು.

ಆವೃತ್ತಿ ನಿಯಂತ್ರಣದ ಸಾಧನವಾದ ಗಿಟ್‌ನ ಗುಣವೇನೆಂದರೆ, ಕೋಡಿನ ಸಮಗ್ರ ಇತಿಹಾಸವೂ ಅದನ್ನು ಇಳಿಸಿಕೊಂಡ ಪ್ರತಿಯೊಬ್ಬರ ಗಣಕದಲ್ಲಿಯೂ ಇರುತ್ತದೆ; ಆದರೆ ಬಗ್ ವರದಿಗಳೂ, ಪರಿಶೀಲನೆಯ ಟಿಪ್ಪಣಿಗಳೂ, ಒಂದು ಸಾಲನ್ನು ಹೀಗೆಯೇ ಏಕೆ ಬರೆದೆವೆಂಬ ವಾದವಿವಾದಗಳೂ ಆಶ್ರಯದಾತರ ದತ್ತಸಂಚಯದಲ್ಲಿಯೇ ಉಳಿಯುತ್ತವೆ. ಆ ಆಶ್ರಯತಾಣಗಳೋ ಶಾಶ್ವತವಲ್ಲ: 2006ರಲ್ಲಿ ಆರಂಭವಾದ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಗಿಟೋರಿಯಸ್ ಅದಕ್ಕೂ ಮುನ್ನವೇ, 2015ರಲ್ಲಿ. ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ ಎಂಬ ಇನ್ನೊಂದು ಸಾಧನದ ಭಂಡಾರಗಳನ್ನು ಕೈಬಿಟ್ಟಿತು. 2018ರಲ್ಲಿ ಮೈಕ್ರೋಸಾಫ್ಟ್ ಕೊಂಡ ಗಿಟ್‌ಹಬ್, ಮರುವರ್ಷವೇ ಅಮೆರಿಕದ ನಿರ್ಬಂಧಗಳಿಗೆ ಮಣಿದು ಇರಾನಿನ ಬಳಕೆದಾರರ ಖಾತೆಗಳನ್ನು ಮಿತಿಗೊಳಿಸಿತು. ಗಿಟ್ ಹುಟ್ಟಿದ್ದಾದರೂ ಹೇಗೆ? ಲಿನಕ್ಸ್ ತಿರುಳನ್ನು ರಚಿಸುತ್ತಿದ್ದವರು 2002ರಿಂದ ಬಿಟ್‌ಕೀಪರ್ ಎಂಬ ಸ್ವಾಮ್ಯದ ಸಾಧನವನ್ನು ಉಚಿತವಾಗಿ ಬಳಸುತ್ತಿದ್ದರು. 2005ರಲ್ಲಿ ಆ ಅನುಗ್ರಹ ಹಠಾತ್ತಾಗಿ ನಿಂತುಹೋದುದರಿಂದ ಲಿನಸ್ ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್ ರಚನೆಗೆ ತೊಡಗಿದರು. ಅಂಥ ಸಾಮರ್ಥ್ಯ ನಮ್ಮ ನಾಲ್ಕಾರು ಮಂದಿಯ ಯೋಜನೆಗಳಿಗೆ ಎಲ್ಲಿಂದ ಬರಬೇಕು?

ಹಾಗೆಂದು ಎಲ್ಲರೂ ತಮ್ಮತಮ್ಮ ಸರ್ವರ್ ಹೂಡಬೇಕೆಂದು ನಾನು ಹೇಳಲಾರೆ. ಡೆಬಿಯನ್, ಗ್ನೋಮ್‌ನಂತಹ ಬೃಹತ್ ಸಮುದಾಯಗಳು 2018ರಿಂದ ಗಿಟ್‌ಲ್ಯಾಬ್ ಎಂಬ ಆಶ್ರಯತಾಣದ ತಂತ್ರಾಂಶವನ್ನು ಸ್ವತಃ ನಡೆಸುತ್ತಿವೆ. ಅವಕ್ಕೆ ಅದನ್ನು ನೋಡಿಕೊಳ್ಳುವ ಜನರಿದ್ದಾರೆ. ನಮ್ಮಲ್ಲಿ ಸರ್ವರ್ ಹೂಡಿದ ಉತ್ಸಾಹಿಯೊಬ್ಬನಿಗೆ ಮದುವೆಯಾಗಿಯೋ ವರ್ಗವಾಗಿಯೋ ಬಿಡುವಿಲ್ಲದಂತಾದರೆ, ಭದ್ರತೆಯ ಪರಿಷ್ಕರಣ ನಿಲ್ಲುತ್ತದೆ, ಡೊಮೇನ್ ನವೀಕರಣದ ಹಣ ಕಟ್ಟಲು ಮರೆತುಹೋಗುತ್ತದೆ.

ಆದುದರಿಂದ ಕೋಡ್‌ಬರ್ಗ್‌ನ ಹೆಸರನ್ನು ವಿಶ್ವಾಸದಿಂದ ಸೂಚಿಸುತ್ತೇನೆ. ಬರ್ಲಿನ್ನಿನಲ್ಲಿ 2018ರಲ್ಲಿ ಸ್ಥಾಪಿತವಾದ ಈ ಲಾಭರಹಿತ ಸಂಘ ಸದಸ್ಯರ ವಂತಿಗೆ ಮತ್ತು ದಾನಗಳಿಂದ ನಡೆಯುತ್ತಿದ್ದು, ಅದರ ಆಡಳಿತವೂ ಸದಸ್ಯರ ಕೈಯಲ್ಲಿದೆ. ಅದು ನಡೆಯುವುದು ಫೋರ್ಜೆಯೊ ಎಂಬ ಮುಕ್ತ ತಂತ್ರಾಂಶದ ಮೇಲೆ. ಗಿಟೀ ಎಂಬ ತಂತ್ರಾಂಶದ ಹೆಸರು ಮತ್ತು ವ್ಯಾಪಾರಚಿಹ್ನೆಗಳು ಸಮುದಾಯವನ್ನು ಕೇಳದೆಯೇ ಒಂದು ಕಂಪನಿಯ ವಶವಾದಾಗ, 2022ರ ಅಂತ್ಯದಲ್ಲಿ ಅದರಿಂದ ಕವಲೊಡೆದು ಬಂದದ್ದು ಈ ಫೋರ್ಜೆಯೊ. ಅದು ಸಣ್ಣ ಗಣಕದಲ್ಲಿಯೂ ನಡೆಯಬಲ್ಲುದು. ಗಿಟ್‌ಹಬ್‌ನಿಂದ ಕೋಡಿನೊಡನೆ ಬಗ್ ವರದಿಗಳನ್ನೂ ತರಿಸಿಕೊಳ್ಳಬಲ್ಲುದು. ನಾಳೆ ಕೋಡ್‌ಬರ್ಗ್ ಬೇಡವೆನಿಸಿದರೆ ಅದೇ ತಂತ್ರಾಂಶವನ್ನು ನಾವೇ ನಡೆಸಬಹುದೆಂಬುದೇ ನನಗೆ ದೊಡ್ಡ ಧೈರ್ಯ.

ಗಿಟ್‌ಹಬ್‌ನಲ್ಲಿ ಹೊಸಬರು ಸುಲಭವಾಗಿ ಬಂದು ಸೇರುತ್ತಾರೆಂಬುದು ಸತ್ಯ. ಅಲ್ಲಿಯೇ ಇರಬಯಸುವವರು ಒಂದು ಪ್ರತಿರೂಪವನ್ನಾದರೂ ಬೇರೆಡೆ ಇರಿಸಲಿ. ಮಿತ್ರರೆ, ಈ ತಿಂಗಳು ಕಳೆಯುವುದರೊಳಗೆ ನಿಮ್ಮ ಯೋಜನೆಯ ಬಗ್ ವರದಿಗಳನ್ನೆಲ್ಲ ಇಳಿಸಿ ಇಬ್ಬರ ಬಳಿ ಇರಿಸಿರಿ, ಖಾತೆಯ ಅಧಿಕಾರವನ್ನು ಒಬ್ಬರಿಗೇ ಬಿಡದೆ ಇನ್ನೊಬ್ಬರಿಗೂ ಕೊಡಿರಿ, ಮುಂದಿನ ಸಲ ಎಲ್ಲರೂ ಕಲೆತಾಗ ಈ ವಿಷಯವನ್ನು ಮೊದಲು ಚರ್ಚೆಗೆ ತನ್ನಿರಿ.