ಎರಡು ಸಿಗ್ನಲ್ ಬಂದರೇನೇ ದಾಳಿ

ಬಯಾಲಜಿ ಅಂದ್ರೆ ಬರೀ ಬಾಯಿಪಾಠ ಅಂತ ಪಿಯುಸಿಯಲ್ಲೇ ಪಿಸಿಎಂಸಿ ತಗೊಂಡು ಬಚಾವಾದವರು ನಮ್ಮಲ್ಲಿ ತುಂಬ ಜನ. ಇಲ್ಲಿ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಎದುರಾಯ್ತು. ಹಿಂದಿನ ರಾತ್ರಿ ನೋಟ್ಸ್ ಓದಿ ಪಾಸ್ ಆದೆವು, ಮರೆತೆವು. ‘ನಾವೇನು ಡಾಕ್ಟರ್ ಆಗ್ಬೇಕಾ?’ ಅನ್ನೋದು ನಮ್ಮ ವಾದ. ಆ ವಾದ ತಪ್ಪು ಅಂತ ಈಗ ಅನಿಸುತ್ತಿದೆ.

ಟಿ ಕೋಶವನ್ನೇ ನೋಡಿ. ಇದು ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಇದರ ಹೊರಮೈ ಮೇಲಿರುವ ರಿಸೆಪ್ಟರ್‌ಗಳನ್ನು ಸೆನ್ಸರ್ ಅನ್ನಬಹುದು. ಬೇರೊಂದು ಕೋಶ ಎತ್ತಿ ತೋರಿಸುವ ವೈರಸ್ ಪ್ರೋಟೀನಿನ ತುಣುಕನ್ನು ಟಿಸಿಆರ್ ಎಂಬ ರಿಸೆಪ್ಟರ್ ಗುರುತಿಸುತ್ತದೆ. ಕೂಡಲೇ ಒಳಗಡೆ ಕಿಣ್ವಗಳು ಒಂದರ ಹಿಂದೆ ಒಂದು ಚಾಲೂ ಆಗುತ್ತವೆ, ಕ್ಯಾಲ್ಸಿಯಂ ಏರುತ್ತದೆ, ಸುದ್ದಿ ಜೀನ್‌ಗಳವರೆಗೆ ಹೋಗುತ್ತದೆ. ಆದ್ರೆ ಇಷ್ಟೇ ಸಾಲದು. ಸಿಡಿ28 ಎಂಬ ಇನ್ನೊಂದು ರಿಸೆಪ್ಟರಿಗೂ ‘ಹೌದು, ಅಪಾಯ ಇದೆ’ ಅನ್ನೋ ಸಿಗ್ನಲ್ ಸಿಗಬೇಕು. ಮೊದಲನೆಯದಷ್ಟೇ ಬಂದರೆ ಹೊಸ ಟಿ ಕೋಶ ದಾಳಿಗಿಳಿಯದೆ ಸುಮ್ಮನಾಗುತ್ತದೆ. ಪಕ್ಕಾ ಆ್ಯಂಡ್ ಗೇಟ್! ನಮ್ಮ ಮೈಮೇಲೇ ನಮ್ಮ ಕೋಶಗಳು ಬೀಳದಂತೆ ಇರುವ ಕಾವಲುಗಳಲ್ಲಿ ಇದೂ ಒಂದು.

ಈ ಗೇಟನ್ನು ಬೈಪಾಸ್ ಮಾಡಿದರೆ? 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಔಷಧಿಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟು ನೋಡಿದರು. ಟಿಸಿಆರ್ ಸಿಗ್ನಲ್ ಇಲ್ಲದೇನೇ ಸಿಡಿ28 ಮೂಲಕ ಟಿ ಕೋಶವನ್ನು ಎಬ್ಬಿಸುವ ಔಷಧಿ ಅದು. ಕೊಟ್ಟಿದ್ದು ಕೋತಿಗಳಿಗೆ ಸುರಕ್ಷಿತ ಎನಿಸಿದ ಡೋಸಿನ 500ರಲ್ಲಿ ಒಂದು ಭಾಗ ಮಾತ್ರ. ಆದರೂ ಒಂದೂವರೆ ಗಂಟೆಯೊಳಗೆ ಅದನ್ನು ಪಡೆದ ಆರೂ ಯುವಕರ ದೇಹ ಕೆರಳಿತು, ಆರೂ ಜನ ಐಸಿಯು ಸೇರಿದರು. ಜೀವ ಉಳಿಯಿತು, ಆದ್ರೆ ಒಬ್ಬರು ಕಾಲ್ಬೆರಳುಗಳನ್ನು ಕಳೆದುಕೊಂಡರು.

ಕೋತಿಗಳಿಗೆ ಏನೂ ಆಗಲಿಲ್ಲ ಯಾಕೆ? ಅವುಗಳ ಒಂದು ಬಗೆಯ ಟಿ ಕೋಶಗಳ ಮೇಲೆ ಸಿಡಿ28 ಇರಲೇ ಇಲ್ಲ, ಮನುಷ್ಯರಲ್ಲಿ ಇದೆ ಅಂತ ಆಮೇಲೆ ಗೊತ್ತಾಯ್ತು. ಮಾಡೆಲ್ ಪಾಸ್, ನಿಜವಾದ ಸಿಸ್ಟಮ್ ಫೇಲ್. ಅದೂ ಸಾಲದೆಂಬಂತೆ, ಮೊದಲನೆಯವರಿಗೆ ಏನಾಗುತ್ತೆ ಅಂತ ಕಾಯದೆ ಸುಮಾರು ಹತ್ತತ್ತು ನಿಮಿಷಕ್ಕೊಬ್ಬರಿಗೆ ಡೋಸ್ ಕೊಟ್ಟಿದ್ದರು. ಇವು ಡಾಕ್ಟರುಗಳ ಪ್ರಶ್ನೆ ಮಾತ್ರ ಅಲ್ಲ, ಟೆಸ್ಟಿಂಗ್ ಮತ್ತು ಸೇಫ್ಟಿಯ ಪ್ರಶ್ನೆಗಳು. ನಮ್ಮವೂ ಹೌದು.

ಐಐಟಿ ಬಾಂಬೆಯಲ್ಲಿ ಹುಟ್ಟಿದ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಆ ಎರಡೂ ಸಿಗ್ನಲ್‌ಗಳನ್ನು ಒಂದೇ ಕೃತಕ ರಿಸೆಪ್ಟರಿನಲ್ಲಿ ಜೋಡಿಸುವ ಕೆಲಸ ಅದು. ನಮ್ಮಂಥವರು ಓದುವ ಕ್ಯಾಂಪಸ್ಸಿನಲ್ಲೇ ಆದ ಕೆಲಸ.

ಹಾಗಾಗಿ ಬಯಾಲಜಿ ಪೇಪರಿಗೂ ಲಾಜಿಕ್ ಡಿಸೈನಿಗೆ ಕೊಡುವಷ್ಟಾದರೂ ಗಮನ ಕೊಡೋಣ. ಮೇಷ್ಟ್ರುಗಳೂ ಹೆಸರುಗಳ ಪಟ್ಟಿ ಬರೆಸುವ ಬದಲು ಸರ್ಕ್ಯೂಟ್ ಥರ ಬಿಡಿಸಿ ತೋರಿಸಲಿ. ನಾಳೆ ಮನುಷ್ಯರ ಮೈಗೆ ತಾಗುವ ಸಾಧನವನ್ನೋ ಸಾಫ್ಟ್‌ವೇರನ್ನೋ ಮಾಡುವವರು ನಾವೇ.