ಕೈಯಿದ್ದೂ ಕುರ್ಚಿ ಕೊಳ್ಳುವವರು

ನಮ್ಮ ನಗರದ ಮಧ್ಯಮ ವರ್ಗದ ಗೃಹಸ್ಥನಿಗೆ ಎರಡು ಕೈಗಳಿವೆ ಎಂಬುದಕ್ಕೆ ಈಚೆಗೆ ಪುರಾವೆ ಒದಗಿಸುವುದು ಕಷ್ಟವಾಗುತ್ತಿದೆ. ಒಂದು ಕೈ ಫೋನು ಹಿಡಿಯುವುದಕ್ಕೂ ಇನ್ನೊಂದು ಅದನ್ನು ತೀಡುವುದಕ್ಕೂ ಖಾಯಂ ಆಗಿ ನೇಮಕಗೊಂಡಿವೆ. ಜಗಲಿ ಇರುವವರು ಜಗಲಿಗೆ, ತಾರಸಿ ಇರುವವರು ತಾರಸಿಗೆ, ಎರಡೂ ಇಲ್ಲದೆ ಬಾಲ್ಕನಿ ಎಂಬ ನಾಲ್ಕಡಿಯ ಗೂಡು ಮಾತ್ರ ಉಳ್ಳವರು ಆ ಗೂಡಿಗೆ, ಕುಳಿತು ಕಾಫಿ ಕುಡಿಯಲು ಒಂದೆರಡು ಆಸನ ಬೇಕೆಂದು ಬಯಸುವುದು ನ್ಯಾಯವಾದದ್ದೇ. ಆದರೆ ಆ ಬಯಕೆ ಹುಟ್ಟಿದ ಕ್ಷಣದಲ್ಲಿ ಅವರ ಕಣ್ಣಿಗೆ ಬೀಳುವ ದಾರಿಗಳು ಎರಡೇ: ಪ್ಲಾಸ್ಟಿಕ್ ಕುರ್ಚಿ, ಇಲ್ಲವೇ ಕಂತಿನ ಸಾಲ. ಮೂರನೆಯದೊಂದಿದೆ, ಮರ ತಂದು ಗರಗಸ ಹಿಡಿದು ನೀವೇ ಮಾಡಿಕೊಳ್ಳಿ ಎಂದು ಹೇಳಹೋದರೆ ಜನ ನನ್ನನ್ನು ಕನಿಕರದಿಂದ ನೋಡುತ್ತಾರೆ. ಈ ಕನಿಕರದ ಮೇಲೆಯೇ ನನ್ನ ಜಗಳ.

ಮೊದಲು ಲೆಕ್ಕ ಮುಗಿಸಿಬಿಡೋಣ. ನಮ್ಮವರು ನೀತಿಗೆ ಬಗ್ಗದಿದ್ದರೂ ಲೆಕ್ಕಕ್ಕೆ ಬಗ್ಗುವವರು. ಜಗಲಿಯ ಮೇಲೆ ಇಬ್ಬರು ಕೂರುವ ಒಂದು ಬೆಂಚು: ನಾಲ್ಕು ಅಡಿ ಉದ್ದ, 15 ಅಂಗುಲಕ್ಕೆ ಕೂದಲೆಳೆ ಕಡಿಮೆ ಅಗಲ, 17 ಅಂಗುಲ ಎತ್ತರ. ಕೂರುವ ಹಲಗೆಗಳು ನಾಲ್ಕು, ಒಂದೊಂದೂ ಮೂರೂವರೆ ಅಂಗುಲ ಅಗಲ, ಒಂದು ಅಂಗುಲ ದಪ್ಪ. ಎರಡು ಅಂಗುಲಕ್ಕೆ ಮೂರು ಅಂಗುಲದ ಕಾಲುಗಳು ನಾಲ್ಕು, ಎತ್ತರ 16 ಅಂಗುಲ. ಕಾಲುಗಳನ್ನು ಜೋಡಿಜೋಡಿಯಾಗಿ ಹಿಡಿಯುವ 14 ಅಂಗುಲದ ಅಡ್ಡಪಟ್ಟಿ ಎರಡು, ಆ ಜೋಡಿಗಳನ್ನು ಒಂದಾಗಿಸುವ 42 ಅಂಗುಲದ ಉದ್ದಪಟ್ಟಿ ಎರಡು. ಈ ನಾಲ್ಕು ಪಟ್ಟಿಗಳೂ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಕೊನೆಗೆ ಎರಡು ಅಂಗುಲ ಅಗಲದ, ಓರೆಯಾಗಿ ಬಡಿಯುವ 20 ಅಂಗುಲದ ಆನಿಕೆ ಎರಡು. ಎಲ್ಲವನ್ನೂ ಗುಣಿಸಿ ಕೂಡಿದರೆ 1,472 ಘನ ಅಂಗುಲ. ಒಂದು ಘನ ಅಡಿಗೆ 1,728 ಘನ ಅಂಗುಲ. ಅಂದರೆ ಕೊಯ್ತದ ನಷ್ಟವೂ ಸೇರಿ ಒಂದು ಘನ ಅಡಿ ಮರದಲ್ಲಿ ಒಂದು ಬೆಂಚು ಎದ್ದು ನಿಲ್ಲುತ್ತದೆ. ನಾನು ಕೊಂಡದ್ದು ಸಿಲ್ವರ್ ಓಕ್. ಮರಕ್ಕೆ 900 ರೂಪಾಯಿ, ತಿರುಪುಮೊಳೆ ಮತ್ತು ಉಪ್ಪುಕಾಗದಕ್ಕೆ 350, ಬಣ್ಣಕ್ಕೆ 450. ಇದೇ ಅಳತೆಯ ಬೆಂಚಿಗೆ ನಗರದ ಒಂದು ಗಾಜಿನ ಮಳಿಗೆಯಲ್ಲಿ 16,000 ರೂಪಾಯಿಯ ಚೀಟಿ ತೂಗುತ್ತಿತ್ತು. ಆ ಅಂತರದಲ್ಲಿ ಗರಗಸ, ಬೈರಿಗೆ, ಮೂಲೆಮಟ್ಟ, ಅಳತೆಪಟ್ಟಿ, ಒಂದು ಒಳ್ಳೆಯ ತಿರುಪುಳಿ ಎಲ್ಲವನ್ನೂ ಕೊಂಡು, ಉಳಿದದ್ದರಲ್ಲಿ ಇನ್ನೂ ಐದು ಬೆಂಚು ಮಾಡಬಹುದು. ಐದು ಬೆಂಚು ಯಾರಿಗೆ ಬೇಕು ಎಂದಿರಾ? ಮಗಳ ಮನೆಗೆ ಒಂದು ಕೊಡಿ, ಸ್ವಾಮಿ.

ಸಿಲ್ವರ್ ಓಕ್ ಎಂದೊಡನೆ ಮೂಗು ಮುರಿಯುವವರಿದ್ದಾರೆ. ತೇಗವಲ್ಲದ ಮರ ಮರವೇ ಅಲ್ಲ ಎಂಬ ನಂಬಿಕೆ ನಮ್ಮಲ್ಲಿ ವರದಕ್ಷಿಣೆಯಷ್ಟೇ ಹಳೆಯದು. ಈ ಮರ ಹುಟ್ಟಾ ಆಸ್ಟ್ರೇಲಿಯದ್ದು. ಕೊಡಗು, ಚಿಕ್ಕಮಗಳೂರಿನ ಕಾಫಿತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೆ ಆಸರೆಯಾಗಿಯೂ ನೆಟ್ಟು ಬೆಳೆಸಿದ್ದು. ಕಾಡು ಕಡಿದು ತಂದದ್ದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಕಡಿಯಲು ಅನುಮತಿ ಬೇಡವೆಂದು ಬಿಟ್ಟುಕೊಟ್ಟ ಕೆಲವೇ ಮರಗಳಲ್ಲಿ ಇದೂ ಒಂದು. ಹಗುರ, ಉಳಿಗೆ ಸಲೀಸು, ಸೀಳಿನಲ್ಲಿ ಜರಿಯಂಥ ಮಿಂಚು. ಅವಗುಣವೂ ಇದೆ: ಗೆದ್ದಲಿಗೆ ಪ್ರಿಯ, ಮಳೆಯಲ್ಲಿ ನಗ್ನವಾಗಿ ನಿಲ್ಲಿಸಿದರೆ ಬಾಳುವುದಿಲ್ಲ. ಸೂರಿನಡಿಗೆ ಇದು ಸಾಕು. ತೆರೆದ ತಾರಸಿಗೆ ಹಳೆಯ ಮರ ಹುಡುಕತಕ್ಕದ್ದು.

ಹಳೆಯ ಮರದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ದಿನ ಬೆಳಗಾದರೆ ಒಂದು ಮನೆ ನೆಲಕ್ಕುರುಳುತ್ತದೆ. ಅಜ್ಜ ಕಟ್ಟಿಸಿದ ಮನೆಯ ಜಂತೆ, ಬಾಗಿಲವಾಡ, ಕಿಟಕಿ ಚೌಕಟ್ಟು, ಅರ್ಧ ಶತಮಾನ ಒಣಗಿ ಇನ್ನು ಒಂದು ನೂಲೂ ಬಾಗಲಾರದ ತೇಗ, ಹೊನ್ನೆ, ಮತ್ತಿ, ಎಲ್ಲವೂ ಕೆಡವುವ ಗುತ್ತಿಗೆದಾರನ ಲಾರಿ ಏರುತ್ತದೆ. ಮೊಮ್ಮಗ ಲಾರಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವನು ಆ ಹೊತ್ತಿನಲ್ಲಿ ಹೊಸ ಫ್ಲ್ಯಾಟಿನ ಬಾಲ್ಕನಿಗಾಗಿ ‘ಪುರಾತನ ಮರದಿಂದ ಮಾಡಿದ’ ಎಂದು ಜಾಹೀರಾತಾಗಿರುವ ಬೆಂಚಿನ ಚಿತ್ರ ನೋಡುತ್ತಿರುತ್ತಾನೆ. ಅಜ್ಜನ ಕಿಟಕಿಯನ್ನೇ ಮೊಮ್ಮಗನಿಗೆ ಹತ್ತು ಪಟ್ಟು ಬೆಲೆಗೆ ತಿರುಗಿ ಮಾರುವ ಈ ವ್ಯಾಪಾರಕ್ಕೆ ನಾನು ವ್ಯಾಪಾರಿಯನ್ನು ಬಯ್ಯಲಾರೆ. ಅವನಿಗೆ ಮರದ ಬೆಲೆ ಗೊತ್ತು.

ಇನ್ನು ಪ್ಲಾಸ್ಟಿಕ್ ಕುರ್ಚಿ. ಒಂದೇ ಎರಕದಲ್ಲಿ ಹೊರಬೀಳುವ ಈ ತಳಿಯ ಹಿರಿಯರಲ್ಲೊಂದನ್ನು 1972ರಲ್ಲಿ ಫ್ರಾನ್ಸಿನ ಆನ್ರಿ ಮಾಸೊನೆ ಮಾರುಕಟ್ಟೆಗೆ ತಂದ. ಬಡವನಿಗೂ ಬೆನ್ನು ಆನಿಸಲು ಆಸರೆ ಕೊಟ್ಟ ವಸ್ತು ಅದು. ಮದುವೆ ಮಂಟಪದಿಂದ ತಾಲ್ಲೂಕು ಕಚೇರಿಯವರೆಗೆ ಅದರ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದರೆ ಜಗಲಿಗೂ ತಾರಸಿಗೂ ಅದು ಹೇಳಿದ ವಸ್ತುವಲ್ಲ. ಬಿಸಿಲಿನ ಅತಿನೇರಳೆ ಕಿರಣ ಪಾಲಿಪ್ರೊಪಿಲೀನನ್ನು ಒಳಗೊಳಗೇ ಕಡಿಯುತ್ತದೆ. ಮೈ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಒಂದು ದಿನ ದಪ್ಪಗಿನ ಮಾವನವರು ಕುಳಿತಾಗ ಹಿಂಗಾಲು ಸೀಳುತ್ತದೆ. ಸೀಳಿದ್ದನ್ನು ಕೂಡಿಸುವ ಬಡಗಿ ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ. ಮರದ ಬೆಂಚಿನ ಕಾಲು ಮುರಿದರೆ ಕಾಲು ಬದಲಾಯಿಸುತ್ತೇವೆ. ಪ್ಲಾಸ್ಟಿಕ್ಕಿನ ಕಾಲು ಮುರಿದರೆ ಕುರ್ಚಿಯನ್ನೇ ಬದಲಾಯಿಸುತ್ತೇವೆ. ಅಗ್ಗವೆಂಬುದು ಎಷ್ಟು ಸಲ ಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ.

ಈಗ ಆ ಕನಿಕರಕ್ಕೆ ಬರೋಣ. ನಾನು ತಾರಸಿಯ ಮೇಲೆ ಪಂಚೆ ಎತ್ತಿಕಟ್ಟಿ ಹಲಗೆ ಕೊಯ್ಯುತ್ತಿದ್ದಾಗ ನೆರೆಯವರೊಬ್ಬರು ಬಂದು ನಿಂತು, “ಯಾಕೆ ಸಾರ್, ಆಳು ಸಿಗಲಿಲ್ಲವೆ?” ಎಂದು ಕೇಳಿದರು. ಪಾಪ, ಒಳ್ಳೆಯ ಮನುಷ್ಯ. ಆದರೆ ಆ ಪ್ರಶ್ನೆಯಲ್ಲಿ ಎಷ್ಟು ಶತಮಾನಗಳು ಅಡಗಿವೆ ನೋಡಿ. ಓದಿದವನು ಕೈಗೆ ಮಸಿ ಹಚ್ಚಿಕೊಂಡರೆ ಭೂಷಣ, ಮರದ ಹೊಟ್ಟು ಹಚ್ಚಿಕೊಂಡರೆ ದುರ್ಗತಿ. ಇದು ಸೋಮಾರಿತನವಲ್ಲ, ಇದೇ ನೆರೆಯವರು ಬೆಳಗ್ಗೆ ಐದಕ್ಕೆದ್ದು ತಿಂಗಳಿಗೆ ಇಷ್ಟೆಂದು ಹಣ ತೆತ್ತು ವ್ಯಾಯಾಮಶಾಲೆಯಲ್ಲಿ ಕಬ್ಬಿಣ ಎತ್ತಿ ಇಳಿಸುತ್ತಾರೆ. ಬೆವರಿಗೆ ಆಕ್ಷೇಪಣೆಯಿಲ್ಲ, ಬೆವರಿನಿಂದ ಉಪಯೋಗಕ್ಕೆ ಬರುವ ವಸ್ತುವೊಂದು ಹುಟ್ಟಿದರೆ ಮಾತ್ರ ಆಕ್ಷೇಪಣೆ. ಯಾವ ಕೆಲಸ ಯಾರದು ಎಂದು ಹುಟ್ಟಿನಿಂದಲೇ ಬರೆದಿಟ್ಟ ಸಮಾಜದ ರೋಗವಿದು. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಮಾರಯ್ಯ ಈ ನಾಡಿನಲ್ಲಿ ಕೈಕೆಲಸಕ್ಕೂ ಅನುಭಾವಕ್ಕೂ ಬೇಲಿಯಿಲ್ಲವೆಂದು ತೋರಿಸಿಹೋದರು. ನಾವು ಅವರಿಗೆ ಜಯಂತಿ ಮಾಡಿ, ಆಮೇಲೆ ಕುರ್ಚಿ ಕೊಳ್ಳಲು ಹೋಗುತ್ತೇವೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಜಾಣತನದ್ದು: “ನೀವೇ ಮಾಡಿಕೊಂಡರೆ ಬಡಗಿಯ ಅನ್ನಕ್ಕೆ ಕಲ್ಲು ಹಾಕಿದಂತಾಗಲಿಲ್ಲವೆ?” ಇದನ್ನು ನನಗೆ ಹೇಳಿದವರೆಲ್ಲರ ಮನೆಯಲ್ಲೂ ನಾನು ಕುಳಿತದ್ದು ಕಾರ್ಖಾನೆಯ ಒತ್ತುಹಲಗೆಯ ಸೋಫಾದ ಮೇಲೆ ಎಂಬುದನ್ನು ಗಮನಿಸಬೇಕು. ಬಡಗಿಯ ಅನ್ನಕ್ಕೆ ಕಲ್ಲು ಬಿದ್ದು ಬಹಳ ಕಾಲವಾಯಿತು. ಕಲ್ಲು ಹಾಕಿದ್ದು ಗೃಹಸ್ಥನ ಗರಗಸವಲ್ಲ, ಗೃಹಸ್ಥನ ಅಜ್ಞಾನ. ಕೀಲು ಎಂದರೇನು, ಮರದ ಎಳೆ ಯಾವ ಕಡೆಗೆ ಓಡುತ್ತದೆ, ತಿರುಪುಮೊಳೆಗೆ ಮೊದಲು ತೂತು ಕೊರೆಯದಿದ್ದರೆ ಹಲಗೆಯ ತುದಿ ಏಕೆ ಸೀಳುತ್ತದೆ, ಇವು ಗೊತ್ತಿಲ್ಲದವನಿಗೆ ಒಳ್ಳೆಯ ಕುರ್ಚಿಗೂ ಕೆಟ್ಟ ಕುರ್ಚಿಗೂ ಇರುವ ವ್ಯತ್ಯಾಸ ಹೊಳಪು ಮಾತ್ರ. ಹೊಳಪಿನಲ್ಲಿ ಕಾರ್ಖಾನೆಯನ್ನು ಯಾವ ಬಡಗಿ ಗೆದ್ದಾನು? ಒಮ್ಮೆ ಸ್ವಂತ ತೋಳಿನಿಂದ ನಾಲ್ಕು ಹಲಗೆ ನೇರವಾಗಿ ಕೊಯ್ದು ನೋಡಿ. ಆಮೇಲೆ ಬಡಗಿ ದಿನಗೂಲಿ ಹೇಳಿದಾಗ ಚೌಕಾಸಿ ಮಾಡಲು ನಿಮಗೆ ಬಾಯಿ ಬರುವುದಿಲ್ಲ. ನಾನು ಬೆಂಚು ಮಾಡಿದ ವರ್ಷವೇ ಬಾಗಿಲಿನ ಕೆಲಸವನ್ನು ಬಡಗಿಗೆ ವಹಿಸಿದೆ. ಅವನು ಕೇಳಿದಷ್ಟನ್ನೇ ಕೊಟ್ಟೆ. ಅವನು ನನ್ನ ಬೆಂಚನ್ನು ತಿರುವಿಹಾಕಿ, ಆನಿಕೆಯನ್ನು ತಟ್ಟಿ ನೋಡಿ ಏನೂ ಹೇಳಲಿಲ್ಲ. ಅದನ್ನು ನಾನು ಪ್ರಶಸ್ತಿ ಎಂದೇ ತಿಳಿದುಕೊಂಡಿದ್ದೇನೆ.

ಈ ವಿಷಯದಲ್ಲಿ ನನಗೆ ಗುರುವಾದವನು ಇಟಲಿಯ ಎಂಜೊ ಮಾರಿ. ಹೆಸರಾಂತ ವಿನ್ಯಾಸಕಾರ, 2020ರಲ್ಲಿ ತೀರಿಕೊಂಡ. 1974ರಲ್ಲಿ ಮಿಲಾನಿನ ಒಂದು ಪ್ರದರ್ಶನಾಲಯದಲ್ಲಿ ಅವನು ಮೇಜು, ಕುರ್ಚಿ, ಬೆಂಚು, ಮಂಚ, ಕಪಾಟು ಎಂದು 19 ಸಾಮಾನುಗಳನ್ನಿಟ್ಟ. ಎಲ್ಲವೂ ಒರಟು ಹಲಗೆ, ಮೊಳೆ, ಸುತ್ತಿಗೆ ಇಷ್ಟರಲ್ಲೇ ಮುಗಿಯತಕ್ಕವು. ಅಂಚೆವೆಚ್ಚ ಕಳಿಸಿದ ಯಾರಿಗಾದರೂ ಅವುಗಳ ನಕ್ಷೆಯನ್ನು ಕೊಟ್ಟ. ಕಾರ್ಖಾನೆಯವರಿಗೆ, ವರ್ತಕರಿಗೆ ಮಾತ್ರ ಇಲ್ಲವೆಂದ. ಅವನ ಉದ್ದೇಶ ಅಗ್ಗದ ಕುರ್ಚಿ ಹಂಚುವುದಷ್ಟೇ ಆಗಿರಲಿಲ್ಲ. ಒಂದು ಸಲ ಮಾಡಿದವನು ಮುಂದೆ ಅಂಗಡಿಯ ಸಾಮಾನನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ ಎಂಬುದು ಅವನ ಹೂಟ. ಅವನಿಗಿಂತ ಮುಂಚೆ, 1934ರಲ್ಲಿ, ಬಡಗಿಯ ಮಗನೇ ಆದ ಹಾಲೆಂಡಿನ ವಾಸ್ತುಶಿಲ್ಪಿ ರೀಟ್‌ಫೆಲ್ಡ್ ಸರಕು ಪೆಟ್ಟಿಗೆಯ ಹಲಗೆಯಲ್ಲೇ ಕುರ್ಚಿ ಹೊಂದಿಸಿ ತೋರಿಸಿದ್ದ. ಇವರಿಬ್ಬರ ಕೆಲಸದಲ್ಲೂ ನಾನು ಕಲಿತದ್ದು ಒಂದೇ ಪಾಠ: ಚೌಕ ಓಲಾಡುತ್ತದೆ, ತ್ರಿಕೋನ ಓಲಾಡುವುದಿಲ್ಲ. ಓರೆಯ ಆನಿಕೆಯೊಂದು ಬಿದ್ದರೆ ಕಸುಬುದಾರನ ಕೀಲಿಲ್ಲದೆಯೂ ಬೆಂಚು ಬಂಡೆಯಂತೆ ನಿಲ್ಲುತ್ತದೆ.

ವರ್ತಕರು ಸುಮ್ಮನಿರುವವರೆ? ಮಾರಿಯ ಅದೇ ಕುರ್ಚಿಗಳಲ್ಲೊಂದನ್ನು, ಅವನ ಒಪ್ಪಿಗೆಯಿಂದಲೇ, 2010ರಲ್ಲಿ ಫಿನ್ಲೆಂಡಿನ ಕಂಪನಿಯೊಂದು ಕೊಯ್ದ ಹಲಗೆಗಳ ಕಟ್ಟಾಗಿ ಮಾರಾಟಕ್ಕೆ ತಂದಿತು. ನಮ್ಮಲ್ಲಿಯೂ ‘ನೀವೇ ಮಾಡಿ’ ಎಂಬುದು ಈಗ ಒಂದು ಶೋಕಿ. 40,000 ರೂಪಾಯಿಯ ವಿದ್ಯುತ್ ಯಂತ್ರಗಳನ್ನು ಗುಡ್ಡೆ ಹಾಕಿಕೊಂಡು ಎರಡು ಸಾವಿರದ ಸ್ಟೂಲು ಮಾಡಿ, ಅದರ ನೂರು ಚಿತ್ರ ತೆಗೆದು ಹಂಚುವ ಮಿತ್ರರಿದ್ದಾರೆ. ಇವರಿಗೂ ಕೊಳ್ಳುವ ಚಪಲವೇ. ಕುರ್ಚಿಯ ಬದಲು ಆಯುಧ ಕೊಂಡರು, ಅಷ್ಟೇ. ಸರಕು ಸಾಗಣೆಯ ಹಲಗೆಚೌಕಟ್ಟುಗಳನ್ನು ತಂದು ಹಾಸಿಗೆ ಹಾಸಿ ಕೂರುವುದು ಇನ್ನೊಂದು ಶೋಕಿ. ಅದು ತಪ್ಪಲ್ಲ, ಆದರೆ ಮುದ್ರೆ ನೋಡಬೇಕು. ದೇಶ ದಾಟುವ ಚೌಕಟ್ಟಿನ ಮೇಲೆ ತೆನೆಯ ಗುರುತಿನ ಪಕ್ಕದಲ್ಲಿ ‘ಎಚ್‌ಟಿ’ ಎಂದಿದ್ದರೆ ಕಾಯಿಸಿ ಶುದ್ಧಮಾಡಿದ್ದು. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಗಾಳಿ ಊಡಿದ್ದು. ಎರಡನೆಯದನ್ನು ಮನೆಯೊಳಗೆ ತರತಕ್ಕದ್ದಲ್ಲ.

ಮಳೆಯ ಬಗ್ಗೆ ಎರಡು ಮಾತು. ಕೂರುವ ಹಲಗೆಗಳ ನಡುವೆ ಕಾಲು ಅಂಗುಲ ಸಂದು ಬಿಡಿ, ನೀರು ನಿಲ್ಲದಂತೆ. ಮರ ನೀರು ಕುಡಿಯುವುದು ಮೈಯಿಂದಲ್ಲ, ಕೊಯ್ದ ತುದಿಯಿಂದ. ಕಾಲಿನ ಅಡಿಗೆ ಮೂರು ಸಲ ಬಣ್ಣ ಕುಡಿಸಿ, ಕೆಳಗೆ ಹಳೆಯ ಟೈರಿನ ತುಂಡೊಂದನ್ನು ಬಡಿಯಿರಿ. ಅಗಸೆ ಎಣ್ಣೆ ಬಳಿಯುವವರು ಬಳಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆಯಬಾರದು; ಆ ಎಣ್ಣೆ ಒಣಗುತ್ತ ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ. ಬಿದಿರು ಒಗ್ಗುವವರಿಗೆ ಬಿದಿರೂ ಇದೆ. ಕಾಡಿನಾಚೆ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಅರಣ್ಯ ಕಾಯಿದೆಯ ‘ಮರ’ದ ಪಟ್ಟಿಯಿಂದ ಬಿಡಿಸಿದೆ, ಬೊರಾಕ್ಸು, ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿದರೆ ಹುಳು ಮುಟ್ಟುವುದಿಲ್ಲ.

ಇದೆಲ್ಲ ಶಾಲೆಯಲ್ಲಿ ಕಲಿಯಬೇಕಾದ ವಿದ್ಯೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕವೇ ಪಾಠವೆಂದರು. ನಾವು ಕಸುಬನ್ನು ವಾರಕ್ಕೊಂದು ಪೀರಿಯಡ್ ಮಾಡಿ, ಆಮೇಲೆ ಆ ಪೀರಿಯಡನ್ನು ಗಣಿತದ ಮೇಷ್ಟ್ರಿಗೆ ದಾನ ಕೊಟ್ಟೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಚೀಲವಿಲ್ಲದ ಹತ್ತು ದಿನ ಮಕ್ಕಳು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದು ಬರೆಯಿತು. ಹತ್ತೇ ದಿನ! ಮೂರು ವರ್ಷದ ಓದಿನಲ್ಲಿ ಕೈಗೆ ಸಿಕ್ಕ ಪಾಲು ಅಷ್ಟು.

ಮಕ್ಕಳ ಸರದಿ ಬರುವವರೆಗೆ ದೊಡ್ಡವರ ಸಂಗತಿ ನೋಡೋಣ. ನಮ್ಮ ವಸತಿ ಸಮುಚ್ಚಯಗಳಲ್ಲಿ ಈಜುಕೊಳ ಉಂಟು, ನಿಂತಲ್ಲೇ ಓಡುವ ಯಂತ್ರ ಉಂಟು, ಯಾರೂ ಆಡದ ಬಿಲಿಯರ್ಡ್ಸ್ ಮೇಜು ಉಂಟು. ಗರಗಸ ಹಿಡಿಯಲು ಮಾತ್ರ ಹತ್ತಡಿ ಜಾಗವಿಲ್ಲ. ಸದ್ದಾಗುತ್ತದೆಂದು ನಿಷೇಧ ಬೇರೆ. ಮುಂದಿನ ಸಂಘದ ಸಭೆಯಲ್ಲಿ ನಾನು ಇಡಲಿರುವ ಬೇಡಿಕೆಯನ್ನು ನೀವೂ ನಿಮ್ಮಲ್ಲಿ ಇಡಿ: ನೆಲಮಾಳಿಗೆಯ ಕಾರು ನಿಲ್ಲಿಸುವ ಜಾಗದಲ್ಲಿ ಒಂದೇ ಒಂದು ಕಾರಿನ ತಾವು, ಅಲ್ಲೊಂದು ಗಟ್ಟಿ ಮೇಜು, ಮೇಜಿಗೆ ಒಂದು ಕಬ್ಬಿಣದ ಹಿಡಿಕಟ್ಟು, ಗೋಡೆಗೆ ಎರಡು ಗರಗಸ, ಒಂದು ಬೈರಿಗೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರಲಿ, ಬೀಗದ ಕೈ ಕಾವಲುಗಾರನ ಹತ್ತಿರ ಇರಲಿ. ಓಡುವ ಯಂತ್ರದ ಒಂದು ವರ್ಷದ ರಿಪೇರಿ ಖರ್ಚಿನಲ್ಲಿ ಇಷ್ಟೂ ಆಗುತ್ತದೆ.