ತಪ್ಪು ಹೊಟ್ಟೆಯದಲ್ಲ, ಲೋಟದ್ದು

ಅಮೆರಿಕನ್ನರಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ, ಫ್ರೆಂಚರಿಗೆ ಇದೆ. ಫಾಸ್ಟ್ ಫುಡ್ ಪ್ರಮಾಣ ದೇಶದಿಂದ ದೇಶಕ್ಕೆ ಬೇರೆಯಾಗಲು ಅಷ್ಟೇ ಕಾರಣ ಎಂಬ ಅಂಕಣಕಾರರೊಬ್ಬರ ವಾದ ಒಪ್ಪುವಂಥದ್ದಲ್ಲ. ಎಷ್ಟು ಬಡಿಸಬೇಕೆಂದು ತೀರ್ಮಾನಿಸುವವನು ಮಾರುವವನು.

ಪ್ರಮಾಣ ಬೇರೆ ಎಂಬುದೇನೋ ನಿಜ. ಪಾಲ್ ರೋಜಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ಯಾರಿಸ್ ಹೋಟೆಲುಗಳಲ್ಲಿ ಒಂದು ಪಾಲು ಸರಾಸರಿ 277 ಗ್ರಾಂ, ಫಿಲಡೆಲ್ಫಿಯಾದಲ್ಲಿ 346 ಗ್ರಾಂ.

ಆದರೆ ಅಮೆರಿಕವೂ ಹಿಂದೆ ಹೀಗಿರಲಿಲ್ಲ. 1955ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಸೋಡಾ ಲೋಟ 7 ಔನ್ಸ್, ಅಂದರೆ ಸುಮಾರು 200 ಮಿಲಿಲೀಟರ್. ಈಚಿನ ದೊಡ್ಡ ಲೋಟ 30 ಔನ್ಸ್. ಬ್ರಿಟನ್ನಿನಲ್ಲಿ ಅದೇ ಕಂಪನಿಯ ದೊಡ್ಡ ಲೋಟ ಅರ್ಧ ಲೀಟರ್. ಇಷ್ಟು ಬೇಗ ಅಮೆರಿಕನ್ನರ ಹಸಿವು ನಾಲ್ಕು ಪಟ್ಟು ಹಿಗ್ಗುವುದುಂಟೇ? ಪ್ರಮಾಣ ಹಿಗ್ಗಿಸಿದ್ದು ಮಾರುವವರು. ಚಿತ್ರಮಂದಿರಗಳ ಉಸ್ತುವಾರಿಯಲ್ಲಿದ್ದ ಡೇವಿಡ್ ವಾಲರ್‌ಸ್ಟೈನ್ ಒಂದು ಸೂಕ್ಷ್ಮ ಗಮನಿಸಿದ್ದರು: ಪ್ರೇಕ್ಷಕರು ಎರಡನೇ ಪೊಟ್ಟಣ ಪಾಪ್‌ಕಾರ್ನ್ ಕೇಳಲು ಸಂಕೋಚಪಡುತ್ತಾರೆ, ಒಂದೇ ದೊಡ್ಡ ಪೊಟ್ಟಣವನ್ನು ನಿಸ್ಸಂಕೋಚವಾಗಿ ಕೊಳ್ಳುತ್ತಾರೆ. ಮೆಕ್‌ಡೊನಾಲ್ಡ್ಸ್ ಆಡಳಿತ ಮಂಡಳಿ ಸೇರಿದ ಮೇಲೆ ಅವರು ಅದೇ ಸೂತ್ರವನ್ನು ಫ್ರೆಂಚ್ ಫ್ರೈಸ್‌ಗೂ ತಂದರು.

ಇನ್ನು ಫ್ರೆಂಚರ ಹುಟ್ಟು ಸಂಯಮದ ಮಾತು. ಸಿಹಿ ಪಾನೀಯವನ್ನು ಪುಕ್ಕಟೆಯಾಗಿ ಬೇಕಾದಷ್ಟು ಸಲ ತುಂಬಿಸಿಕೊಳ್ಳುವುದನ್ನು ತಡೆಯಲು 2017ರಲ್ಲಿ ಫ್ರಾನ್ಸ್ ನಿಷೇಧವನ್ನೇ ಜಾರಿಗೆ ತರಬೇಕಾಯಿತು. ಅಂಕಣಕಾರರು ಅದನ್ನು ಪ್ರಸ್ತಾಪಿಸಲೇಬೇಕಿತ್ತು.